ಕರ್ನಲ್ ಸಾಹೇಬರಿಗೆ ಗುಡ್ಡದ ಜನರ ಸನ್ಮಾನ

ಅಧ್ಯಕ್ಷ ಸ್ಥಾನದಲ್ಲಿರುವ ಹೆಡ್‌ಮಾಸ್ತರರೇ, ಈಗಷ್ಟೇ ಸನ್ಮಾನ ಸ್ವೀಕರಿಸಿದ ಕರ್ನಲ್ ಸಾಹೇಬರೇ, ಪತ್ರಿಕೆಯವರೇ, ಸಾಲು ತಪ್ಪದೆ ಕೂತಿರುವ ಸಿಪಾಯಿ ಮಕ್ಕಳೇ, ಸಭಿಕರೇ,

ನಾನು ಗಿರಣಿಯಮ್ಮ. ಗುಡ್ಡದ ಮೇಲಿನ ಹಿಟ್ಟಿನ ಗಿರಣಿ ನನ್ನದು. ಹೈಸ್ಕೂಲು ಮುಗಿಸಿದವಳು, ನನ್ನ ವಾರಗೆಯ ಹೆಂಗಸರಲ್ಲಿ ಅಂಥವರು ಇನ್ನೊಬ್ಬರಿಲ್ಲ. ನಮ್ಮೂರಲ್ಲಿ ಮದುವೆಯ ಮಾತಾಗಲಿ, ಬೇಲಿ ಜಗಳವಾಗಲಿ, ನನ್ನನ್ನು ಕೇಳದೆ ಮುಂದುವರಿದವರಿಲ್ಲ. ಮುಂದುವರಿದವರು ವಾಪಸ್ ಬಂದು ಕೇಳಿದ್ದಾರೆ. ಆದ್ದರಿಂದ ಸೇನೆಯ ಬಗ್ಗೆ ನಾಲ್ಕು ಮಾತಾಡಲು ನಾನು ಯೋಗ್ಯಳು.

ಕರ್ನಲ್ ಸಾಹೇಬರ ದೊಡ್ಡ ಗುಣ ಯಾವುದು? ಅವರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಒಬ್ಬ ಸಿಪಾಯಿ ಹಾಲು ತರಲು ಹೋದರೂ ಮುಂದೊಂದು ಜೀಪು, ಹಿಂದೊಂದು ಜೀಪು. ಬಂದೂಕು ಹಿಡಿದು ಕಾಡು ಸೇರಿದ ಹುಡುಗರು ರಸ್ತೆಗೆ ಮರ ಉರುಳಿಸಿ ಸೇನೆಯ ಒಂದು ಲಾರಿ ಸುಟ್ಟರು. ಸಾಹೇಬರು ಟ್ಯಾಂಕು ತರಿಸಿದರು. ನಮ್ಮೂರ ದರ್ಜಿ ಅಂಗಡಿಯ ತಿರುವಿನಲ್ಲಿ ಅದು ಸಿಕ್ಕಿಹಾಕಿಕೊಂಡಿತು. ನನ್ನ ಹಿರಿಸೊಸೆ ಕೇಳಿದಳು, "ಅತ್ತೆ, ಅದಕ್ಕೆ ಹಿಂದೆ ಹೋಗೋಕೆ ಬರಲ್ವಾ?"

"ಬರುತ್ತೆ ಕಣೇ. ಆರ್ಡರ್ ಬರಬೇಕಂತೆ."

ಆರ್ಡರ್ ಬರುವವರೆಗೆ ದರ್ಜಿ ಕಿಟಕಿಯಿಂದಲೇ ಹತ್ತಿಳಿದ.

ಆಮೇಲೆ ಫಿರಂಗಿ. ಗುಡ್ಡದಲ್ಲಿ ಹೊಗೆ ಕಂಡಲ್ಲೆಲ್ಲ ಹೊಡೆದರು. ನಮ್ಮಲ್ಲಿ ಹೊಗೆ ಎಂದರೆ ಅಡುಗೆ. ಹಲವು ದಿನ ಇಡೀ ಊರು ತಣ್ಣಗಿನದನ್ನೇ ತಿಂದಿತು. ಆಮೇಲೆ, ಯಾರೂ ಅಡಗಬಾರದೆಂದು ರಸ್ತೆಯ ಎರಡೂ ಬದಿಯ ಮರ ಕಡಿಸಿದರು. ಹುಡುಗರು ರಸ್ತೆಯ ಕಡೆ ಬರುವುದನ್ನೇ ಬಿಟ್ಟರು. ಹೀಗೆ ರಸ್ತೆಯನ್ನು ಗೆದ್ದದ್ದಾಯಿತು.

ಅಷ್ಟರಲ್ಲಿ, ಕಾಡಿಗೆ ಹಿಟ್ಟು ಹೋಗುವುದು ನನ್ನ ಗಿರಣಿಯಿಂದ ಎಂದು ಯಾರೋ ಪುಣ್ಯಾತ್ಮರು ಹೇಳಿದರು. ಸಾಹೇಬರು ಕರೆಸಿದರು.

"ಅಮ್ಮಾ, ಕಾಡಿನವರನ್ನ ನೋಡಿದ್ದೀರಾ?"

"ಇಲ್ಲಪ್ಪ."

ನಾನು ಯಾರನ್ನೂ ನೋಡಿಲ್ಲ. ಈ ವೇದಿಕೆಯ ಮೇಲೂ ಅದನ್ನೇ ಹೇಳುತ್ತೇನೆ. ಅವರು ತರಿತರಿ ಹಿಟ್ಟೇ ಬೇಕೆನ್ನುತ್ತಾರೆ, ನನ್ನ ಕಿರಿಮಗನಿಗೂ ಚಿಕ್ಕಂದಿನಿಂದ ನುಣ್ಣನೆಯ ಹಿಟ್ಟು ಸೇರದು, ನನಗೆ ಗೊತ್ತಿರುವುದು ಇಷ್ಟೇ.

ಗಿರಣಿಯ ಕಲ್ಲು ಒಡೆಸಿದರು. ನಾನು ಅಳಲಿಲ್ಲ. ಅಳುವವರನ್ನು ಗದರಿಸುವುದರಲ್ಲೇ ಹೊತ್ತು ಹೋಯಿತು. ಮರುದಿನ ಊರಿಗೆ ಊರನ್ನೇ ಲಾರಿಗೆ ತುಂಬಿ ಈ ಬಯಲಿಗೆ ತಂದರು. ಸುತ್ತ ಮುಳ್ಳುತಂತಿ, ಒಳಗೆ ತಗಡಿನ ಶೆಡ್ಡು, ಗೇಟಿನ ಮೇಲೆ 'ಸುರಕ್ಷಿತ ಗ್ರಾಮ' ಎಂಬ ಬೋರ್ಡು. ಡಾಕ್ಟರನ್ನು ಕೊಟ್ಟರು, ಒಳ್ಳೆಯ ಮನುಷ್ಯ. ನಮ್ಮ ಮನಸ್ಸು ಗೆಲ್ಲಬೇಕೆಂದು ಮಕ್ಕಳಿಗೆ ಚೆಂಡು ಕೊಟ್ಟರು. ತಂತಿಗೆ ತಾಗಿ ಒಡೆಯಿತು. ಇನ್ನೊಂದು ಕೊಟ್ಟರು. ಅದೂ ಒಡೆಯಿತು. ಸಾಹೇಬರು ತಾಳ್ಮೆ ಕಳೆದುಕೊಳ್ಳಲಿಲ್ಲ.

ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ನನ್ನ ಓರಗಿತ್ತಿ ತೀರಿಕೊಂಡಳು. ಮದುವೆಯಾಗಿ ಬಂದ ದಿನದಿಂದ ನನ್ನ ಜೊತೆ ಜಗಳವಾಡಿದವಳು. ಅವಳ ಹಿತ್ತಲಲ್ಲೇ ಮಣ್ಣು ಮಾಡಬೇಕೆಂದೆ. ಗುಡ್ಡಕ್ಕೆ ಪಾಸ್ ಇಲ್ಲ ಎಂದರು. ತಂತಿಯ ಪಕ್ಕ ಮಣ್ಣು ಮಾಡಿದೆವು. ಈಗ ನನಗೆ ಎದುರು ಮಾತಾಡುವವರಿಲ್ಲ. ಅದಿರಲಿ, ವಿಷಯಕ್ಕೆ ಬರುತ್ತೇನೆ.

ಇತ್ತೀಚೆಗೆ ಸಾಹೇಬರು ಶೆಡ್ಡಿಗೆ ಬಂದು, "ಗೆದ್ವಿ ಅಮ್ಮಾ" ಎಂದರು.

"ಸಂತೋಷ. ಹಾಗಾದ್ರೆ ನಾವು ಮನೆಗೆ ಹೊರಡಬಹುದಾ?"

"ಛೆ ಛೆ. ಗೆದ್ದಿದ್ದು ಗೆದ್ದ ಹಾಗೇ ಇರಬೇಕಲ್ಲ!"

ಡಾಕ್ಟರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಬೇಸಿಗೆಯನ್ನು ಈ ಶೆಡ್ಡಿನಲ್ಲಿ ಕಳೆದರೆ ಹಸುಗೂಸುಗಳು ಉಳಿಯುವುದು ಕಷ್ಟ ಎಂದಿದ್ದರು. ಬೇಸಿಗೆ ಎಷ್ಟು ದೂರವಿದೆ? ಹೊರಗೆ ಹೋಗಿ ನಿಂತು ನೋಡಿ.

ಆದ್ದರಿಂದ ತಂತಿಯ ಹೊರಗಿನ ಈ ಶಾಲೆಯಲ್ಲಿ ಈ ಸನ್ಮಾನವನ್ನು ನಾನೇ ಏರ್ಪಡಿಸಿದೆ. ನಮ್ಮವರಿಗೆ ಪಾಸ್ ಇಲ್ಲ, ಎಲ್ಲರ ಪರವಾಗಿ ನಾನೊಬ್ಬಳೇ ಬಂದೆ. ಸಾಹೇಬರಲ್ಲಿ ಒಂದೇ ಒಂದು ಕೋರಿಕೆ ಇಟ್ಟೆ. "ಒಬ್ಬ ಸಿಪಾಯಿ ಬರದಿದ್ದರೂ ನಮಗೆ ಅವಮಾನ." ಪೂರ್ತಿ ದಳ ಹಾಜರಿರಬೇಕೆಂದು ಅವರು ಆರ್ಡರ್ ಹೊರಡಿಸಿದರು. ಗೇಟಿನ ಕಾವಲಿನವರೂ ಬಂದಿದ್ದಾರೆ, ಮೂರನೇ ಸಾಲಿನಲ್ಲಿದ್ದಾರೆ. ಗೇಟಿಗೆ ಬೀಗ ಹಾಕಿಯೇ ಬಂದಿದ್ದಾರೆ, ಕರ್ತವ್ಯನಿಷ್ಠರು. ಆದರೆ ತಂತಿಗೆ ಬೀಗವಿರುವುದಿಲ್ಲ. ಒಳ್ಳೆಯ ಇಕ್ಕಳವಿದ್ದರೆ ಅದನ್ನು ಕತ್ತರಿಸಲು ಒಂದು ಸ್ವಾಗತಗೀತೆಯಷ್ಟು ಹೊತ್ತು ಸಾಕು.

ಕೂತ್ಕೊಳ್ಳಿ ಸಾಹೇಬರೇ, ಕೂತ್ಕೊಳ್ಳಿ. ನನ್ನ ಮಾತು ಮುಗಿದಿಲ್ಲ.

ನಮ್ಮ ಜನ ಇಷ್ಟು ಹೊತ್ತಿಗೆ ಹೊಳೆ ದಾಟಿರುತ್ತಾರೆ. ಆಡು ಹತ್ತುವ ದಾರಿ ಅದು, ಜೀಪು ಹೋಗುವುದಿಲ್ಲ. ಮುಂದೆ ನಿಂತು ಕರೆದೊಯ್ಯುತ್ತಿರುವವನನ್ನು ನಾನು ನೋಡಿಲ್ಲ. ಅವರನ್ನು ವಾಪಸ್ ತರಬೇಕೆನಿಸಿದರೆ ತನ್ನಿ, ನಿಮ್ಮಲ್ಲಿ ಫಿರಂಗಿಯಿದೆ. ಆದರೆ ಅದಕ್ಕೆ ಮೊದಲು, ಓದದೆಯೇ ಸಹಾಯಕರ ಕೈಗೆ ಕೊಟ್ಟಿರಲ್ಲ, ಆ ಸನ್ಮಾನ ಫಲಕವನ್ನು ಒಮ್ಮೆ ಓದಿ. 'ಗುಡ್ಡದ ಜನರನ್ನು ಕ್ಷೇಮವಾಗಿ ಮನೆಗೆ ಮರಳಿಸಿದ ಕರ್ನಲ್ ಸಾಹೇಬರಿಗೆ' ಎಂದಿದೆ. ಪತ್ರಿಕೆಯವರು ಫಲಕದ ಸಮೇತ ಫೋಟೋ ತೆಗೆದಾಗಿದೆ. ನೀವು ನಗುತ್ತಿದ್ದಿರಿ. ಚೆನ್ನಾಗಿ ಬಂದಿರುತ್ತದೆ.

ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ, ಚಪ್ಪಾಳೆ ತಟ್ಟಿದವರಿಗೆ, ಕೊನೆಯವರೆಗೂ ಕದಲದೆ ಕೂತ ಮೂರನೇ ಸಾಲಿಗೆ ನಾನು ಋಣಿ. ನಮಸ್ಕಾರ.