ಹರಿಗೋಲಿನ ತಾಯಣ್ಣ

ಕೃಷ್ಣಾ ಹೊಳೆ ದಾಟುತ್ತಿದ್ದ ಹಳೆಯ ದಾರಿಗಳನ್ನು ನಡೆದೇ ನೋಡಬೇಕೆಂದು ರಾಯಚೂರಿನಿಂದ ದೇವದುರ್ಗದ ಕಡೆ ಬಂದಿದ್ದ ಗುಂಪಿಗೆ ಮಧ್ಯಾಹ್ನ ಮಳೆ ಹಿಡಿಯಿತು. ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಡಿ ದಂಡೆಯ ಕಲ್ಲುಮಂಟಪ ಸೇರಿದರು. ಗುಂಪನ್ನು ಕರೆತಂದಿದ್ದ ಮಾನ್ವಿಯ ಶಿಕ್ಷಕಿ ಶೈಲಶ್ರೀಗೆ ಒಳಗೊಳಗೇ ಖುಷಿ. ದಾರಿ ತೋರಿಸಲು ಬಂದಿದ್ದ ಜಾಲಹಳ್ಳಿಯ ಶರಣಯ್ಯಜ್ಜ ಮಳೆಯಲ್ಲಿ ಕತೆ ಹೇಳದೆ ಕೂರುವ ಆಸಾಮಿಯಲ್ಲ. ಹಾಗೇ ಆಯಿತು. ಮುದುಕ ಹೆಗಲ ಮೇಲಿನ ವಲ್ಲಿಯಿಂದ ತಲೆ ಒರೆಸಿಕೊಂಡು ಕಂಬಕ್ಕೆ ಒರಗಿದ.

"ಕೇಳ್ರಿ... ಈಗ ಬ್ರಿಜ್ ಆಗ್ಯಾದ, ಕಣ್ಣು ಮುಚ್ಚಿ ತೆಗಿಯೋದ್ರಾಗ ಆಕಡಿ ದಂಡಿ. ಆವಾಗ ಏನಿತ್ತು? ತಾಯಣ್ಣನ ಹರಗೋಲು! ಬಸುರಿ ಹೆಣ್ಮಕ್ಕಳು, ಜ್ವಾಳದ ಚೀಲ, ಮದಿವಿ ದಿಬ್ಬಣ... ಯಾರನ್ನೂ ಯಾವತ್ತೂ ನೀರಿಗೆ ಬಿಟ್ಟಾಂವಲ್ಲ. ಎಂಥಾ ಗಂಡಸು ಅಂತೀರಿ! ಸುಳಿ ಸೈತ ಅವನ್ನ ಕಂಡ್ರ ಸರದು ನಿಂದರತಿತ್ತು. ಅವಂದೊಂದು ಪದ್ಧತಿ ಇತ್ತು. ಮಂದೀನ ಇಳಿಸಿದ ಮ್ಯಾಲೆ 'ಎಲ್ಲಾರೂ ಬಂದ್ರೇನ್ರೀ?' ಅಂತ ಕೂಗ್ತಿದ್ದ. ದಂಡಿ ಮ್ಯಾಲಿಂದ 'ಬಂದೀವಪ್ಪೋ' ಅಂದ್ರ ಮಾತ್ರ ಹರಗೋಲು ಕಟ್ಟಾಂವ. ಒಂದಿನ ಇಂಥಾದ್ದೇ ಮಳಿ... ಇಳಿದ ಮಂದಿ ತಲಿಮ್ಯಾಲೆ ಗೋಣಿಚೀಲ ಹೊತ್ತು ಓಡಿದ್ರು. ತಾಯಣ್ಣ ಕೂಗಿದ. ಉತ್ತರಾ ಕೊಡಾಕ ಯಾರಿದ್ರು? ಯಾರೋ ನೀರಾಗ ಉಳಿದಾರ ಅಂತ ತಿರುಗಿ ಹೊಳಿಗೆ ಹೋದ ನೋಡ್ರಿ... ಹೋದಾಂವ ಹೋದ."

ಶೈಲಶ್ರೀಯ ಎದೆ ತುಂಬಿ ಬಂತು. ಇಂಥವನ ಹೆಸರು ಒಂದು ಕಲ್ಲಿನ ಮೇಲೂ ಇಲ್ಲವಲ್ಲ ಅಂದುಕೊಳ್ಳುತ್ತ ತನ್ನವರತ್ತ ತಿರುಗಿದಳು. ಗುಂಪಿನಲ್ಲಿದ್ದ ತಹಮೀನಾ ಕಾಣಲಿಲ್ಲ! ಫೋಟೋ ತೆಗೆಯಲು ಹೊಳೆ ನಡುವಿನ ಬಂಡೆಗೆ ಹೋದ ಹುಡುಗಿ ಮಳೆಗೆ ಓಡುವ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಹೊರಗೆ ಇಣುಕಿದರೆ ಬಂಡೆಯ ಸುತ್ತ ಕೆಂಪು ನೀರು ಏರಿತ್ತು, ಬಂಡೆಯ ಮೇಲೆ ಯಾರೂ ಇಲ್ಲ.

ಶೈಲಶ್ರೀ ಮಳೆಗೆ ಇಳಿಯುವಷ್ಟರಲ್ಲಿ ತಹಮೀನಾ ಏದುಸಿರು ಬಿಡುತ್ತ ದಂಡೆ ಹತ್ತಿ ಬಂದಳು.

"ಮೇಡಂ, ನೀರು ಒಮ್ಮಿಗೇ ಬಂತ್ರೀ! ಒಬ್ಬ ಅಜ್ಜ ಹರಗೋಲಾಗ ಬಂದು ದಾಟಿಸಿದ್ರು. ಇಳಿದಾಕೀನೇ ಓಡಿ ಬಂದೆ."

ಶೈಲಶ್ರೀ ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟಳು. ಶರಣಯ್ಯಜ್ಜ ಮಾತ್ರ ಮೆಲ್ಲಗೆ ಎದ್ದು ನಿಂತ.

"ಯವ್ವಾ... ಇಳಿದ ಮ್ಯಾಲೆ ಹಿಂದಿನಿಂದ ಏನರ ಕೂಗಿ ಕೇಳಿದ್ನೇನು?"

"ಹೂಂ ರೀ, ಎಲ್ಲಾರೂ ಬಂದ್ರೇನು ಅಂತ. ಅಂಜಿಕ್ಯಾಗ ನಾ ಉತ್ತರಾ ಕೊಡಲಿಲ್ರೀ."

ಮುದುಕನ ಕಣ್ಣು ಹೊಳೆಯ ಮೇಲೆಯೇ ಇತ್ತು.

"ಹಂಗಾದ್ರ ತಡಾ ಮಾಡಬ್ಯಾಡ... ದಂಡಿಗೆ ಹೋಗಿ 'ಬಂದೀನಪ್ಪೋ' ಅಂತ ಕೂಗು. ಅವ ಮತ್ತ ನಡುನೀರಿಗೆ ಹೊಂಟಾನ, ನಿನ್ನ ಹುಡುಕಾಕ."