ಸೊಲ್ಲಡಗಿಸಿದ ಗಾಡಿ

...ಅಲ್ಲಿ ಬ್ಯಾಡಿ ಸಾವ್ಕಾರ್ರೆ, ಆ ಸ್ಟೂಲಿಗೆ ಗ್ರೀಸ್ ಅಂಟೈತೆ, ನಿಮ್ಮ ಪಂಚೆ ಹಾಳಾಗ್ತೈತೆ. ಈ ಕಡೆ ಬೆಂಚಿನ ಮೇಲೆ ಕೂರಿ. ಹಾಂ. ಗಾಡಿ ವಿಷಯ ಅಂದ್ರಲ್ಲ, ಗೊತ್ತಾಯ್ತು ಬಿಡಿ. ನಾಳೆ ಬೇಲೂರು ಕೋರ್ಟಲ್ಲಿ ನಿಮ್ಮ ಮಗ ಬಸವಕುಮಾರಂದು ಕೇಸು. ಇವತ್ತು ಗಂಗಾಧರಪ್ಪನೋರು ಹಾಡುಹಗಲೇ ಕೊಬ್ಬರಿ ಮಂಡಿ ಬಾಗಿಲು ಹಾಕ್ಕೊಂಡು ಈ ತಿಮ್ಮೇಶನ ಶೆಡ್ಡಿಗೆ ಬತ್ತಾರೆ ಅಂದ್ರೆ, ಯಾಕೆ ಅಂತ ನಂಗೆ ತಿಳಿಯಲ್ವಾ? ಕಾಫಿ ತರಿಸ್ಲಾ? ಬ್ಯಾಡ್ವಾ. ಸರಿ.

ಹೊರಗಡೆ ಟಾರ್ಪಲ್ ಹೊದಿಸಿರೋದೇ ನಿಮ್ಮ ಗಾಡಿ. ಬರ್ತಾ ನೋಡಿದ್ರಾ? ನೋಡ್ಲಿಲ್ವಾ. ನೋಡೋದೇನೈತೆ ಅದ್ರಲ್ಲಿ, ಮುಂದಿನ ಭಾಗ ಪೂರ್ತಿ ನುಜ್ಜುಗುಜ್ಜು. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ಬಂದು ಶಟರ್ ಎತ್ತುತೀನಿ. ಎರಡು ತಿಂಗಳಾಯ್ತು. ಏನೂ ಅನ್ಸಲ್ಲ. ಮೊದಮೊದಲು ಏನಾದ್ರೂ ಅನ್ಸಬೇಕಿತ್ತಲ್ಲಾ ಅಂತ ಅನ್ಸೋದು. ಈಗ ಅದೂ ಇಲ್ಲ.

ಹುಚ್ಚಣ್ಣನ ತಿಥಿಗೆ ಹೋಗಿದ್ದೆ, ಹಳೇಬೀಡಿಗೆ. ನೀವು ಬರ್ಲಿಲ್ಲ. ನೀವು ಬರೋಂಗೂ ಇರ್ಲಿಲ್ಲ ಬಿಡಿ, ನಿಮ್ಮ ಮಗನ ಗಾಡಿಗೆ ಸಿಕ್ಕೇ ಸತ್ತಿದ್ದು ಆ ಮನುಷ್ಯ. ಅವನ ಹೆಂಡ್ತಿ ಭಾಗಮ್ಮ, ಪುಣ್ಯಾತ್ಗಿತ್ತಿ, ನನ್ನನ್ನ ಊಟಕ್ಕೆ ಕೂರ್ಸಿದ್ರು. ಉಂಡೆ. ಎರಡು ಸಲ ಅನ್ನ ಹಾಕಿಸ್ಕೊಂಡೆ. ಉಪ್ಪೈತಾ, ಖಾರ ಐತಾ, ಒಂದೂ ಗೊತ್ತಾಗ್ಲಿಲ್ಲ. ನನ್ನ ಹೆಂಡ್ತಿ ಅಂತಾಳೆ, ನಿಮಗೆ ಗಾಳಿ ಸೋಕೈತೆ, ಯಂತ್ರ ಕಟ್ಟಿಸ್ಕೊಳ್ಳಿ ಅಂತ.

ಅರಸೀಕೆರೆಗೆ ಅಂಥ ಗಾಡಿ ಬಂದಿದ್ದೇ ಮೊದಲು, ಅಲ್ವಾ? ಎರಡೇ ಬಾಗಿಲು, ಎರಡೇ ಸೀಟು, ಕೆಂಪಗೆ, ನೆಲಕ್ಕೆ ಹೊಟ್ಟೆ ಹಚ್ಕೊಂಡು ಓಡೋ ಅಂಥದ್ದು. ಸ್ಪೋರ್ಟ್ಸ್ ಕಾರು ಅಂದ ಹುಡುಗ. ನೀವೇನಂದ್ರಿ ಆವತ್ತು? "ಒಂದು ಮೂಟೆ ಕೊಬ್ಬರಿ ಹಿಡಿಯಲ್ಲ, ಇದೆಂಥ ಗಾಡಿನಯ್ಯ" ಅಂದ್ರಿ. ಮಂಡಿ ಹಮಾಲರೆಲ್ಲ ನಕ್ಕಿದ್ದೇ ನಕ್ಕಿದ್ದು. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು, ಮನೆಗೂ ಹೋಗ್ದೆ ಸೀದಾ ನನ್ನ ಶೆಡ್ ಮುಂದೆ ನಿಲ್ಲಿಸ್ದ. "ತಿಮ್ಮೇಶಣ್ಣ, ಇದನ್ನ ನೀನೇ ನೋಡ್ಕೋಬೇಕು" ಅಂದ. ನಾನು ಬಿಚ್ಚಿ ಕಟ್ಟೋದೆಲ್ಲ ಅಂಬಾಸಿಡರ್ರು, ಜೀಪು, ಟ್ರ್ಯಾಕ್ಟರ್ರು. ಇದು ನಂಗೆ ಗೊತ್ತಿಲ್ಲ ಕಣಪ್ಪ ಅನ್ಬೇಕಿತ್ತು. ಅವನಿಗೆ ಸ್ಟೇರಿಂಗ್ ಹಿಡಿಯೋದು ಕಲಿಸಿದ್ದೇ ನಾನು, ನಿಮ್ಮ ಹಳೇ ಅಂಬಾಸಿಡರಲ್ಲಿ. ಅವನ ಮುಂದೆ ಗೊತ್ತಿಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ.

ಆಮೇಲೆ ಬ್ರೇಕು ಕಿರುಚೋಕೆ ಶುರುವಾಯ್ತು. ಹಂದಿ ಹಿಡಿದಂಗೆ, ಕೀ... ಅಂತ. ಬಸ್ ಸ್ಟ್ಯಾಂಡಿಂದ ಮಂಡಿವರೆಗೂ ಕೇಳೋದು. ಹೋಗ್ಲಿ ಅತ್ಲಾಗೆ, ಕಿರುಚಿದ್ರೆ ಏನಾಯ್ತು? ಗೆಂಡೆಹಳ್ಳಿಗೆ ಹೆಣ್ಣು ನೋಡೋಕೆ ಹೋಗಿದ್ರಲ್ಲ, ನೀವೆಲ್ಲ ಅಂಬಾಸಿಡರಲ್ಲಿ, ಹುಡುಗ ಇದ್ರಲ್ಲಿ, ಅಲ್ಲಿ ಆಯ್ತು. ಹೆಣ್ಣಿನ ಮನೆ ಬಾಗಿಲಲ್ಲಿ ಬ್ರೇಕ್ ಹಾಕ್ದ, ಗಾಡಿ ಕಿರುಚ್ತು, ಕಟ್ಟಿದ್ದ ಎಮ್ಮೆ ಹಗ್ಗ ಕಿತ್ಕೊಂಡು ಓಡ್ತು. ಆ ಮನೆ ಅಜ್ಜಿ ಅಂದ್ಲಂತೆ, "ಬರ್ತಾನೇ ಅಳೋ ಗಾಡಿಯವರ ಮನೆಗೆ ಹೆಣ್ಣು ಕೊಡೋದಾ?" ಮಾರನೇ ದಿವಸ ಬ್ಯಾಡ ಅಂತ ಹೇಳಿ ಕಳಿಸಿದ್ರು.

ನಿಮ್ಮನೆ ಅಮ್ಮಾರು, ಹುಡುಗನ ತಾಯಿ, ಬಂದ್ರು ಇಲ್ಲಿಗೆ. ಕಮಲಾಕ್ಷಮ್ಮನೋರೇ, ಒಬ್ಬರೇ, ಶುಕ್ರವಾರ ಮಧ್ಯಾಹ್ನ. ಯಾಕೆ ಹಂಗೆ ನೋಡ್ತೀರಿ? ನಿಮಗೆ ಗೊತ್ತಿರ್ಲಿಲ್ವಾ? ಹಂಗಾರೆ ಅವರನ್ನ ಏನೂ ಕೇಳೋಕೆ ಹೋಗ್ಬೇಡಿ, ಅವರದ್ದೇನೂ ತಪ್ಪಿಲ್ಲ. "ತಿಮ್ಮೇಶ, ಸೋಮವಾರ ಕಣಕಟ್ಟೆಗೆ ಹೋಗ್ಬೇಕು, ಶರ್ಮಿಳಾ ಅಂತ ಹುಡುಗಿ, ಒಳ್ಳೇ ಮನೆತನ. ಆ ಬಾಗಿಲಲ್ಲಿ ಮಾತ್ರ ಗಾಡಿ ಸೊಲ್ಲೆತ್ತಬಾರದು, ನೋಡಪ್ಪ" ಅಂದ್ರು. ಆಯ್ತು ತಾಯಿ ಅಂದೆ.

ಚಕ್ರ ಬಿಚ್ಚಿದೆ. ಪ್ಯಾಡ್ ಕಳಚಿ ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ತೆಗೆದು ವಾಪಸ್ ಹಾಕ್ದೆ. ಅಷ್ಟೇ. ಪೊಲೀಸ್ನೋರು ಬಂದು ಕೇಳಿದಾಗಲೂ ಅದನ್ನೇ ಹೇಳಿದ್ದು. ಬ್ರೇಕ್ ಸರಿಯಾಗಿತ್ತು, ಹುಡುಗ ಜೋರಾಗಿ ಓಡ್ಸಿರ್ಬೇಕು ಅಂದೆ. ಅಂಥ ಗಾಡಿ ಅವರೂ ಕಂಡಿರ್ಲಿಲ್ಲ, ಬರ್ಕೊಂಡು ಹೋದ್ರು.

...ಏನು?

ಏನೋ ಅಂದ್ರೇನೋ ಅಂದ್ಕೊಂಡೆ. ಅನ್ಲಿಲ್ವಾ.

ಹ್ಞೂಂ, ಅಷ್ಟೇ ಅಲ್ಲ. ನೀವು ಹಿಂಗೆ ಸುಮ್ನೆ ಕೂತ್ರೆ ನಾನೇ ಹೇಳ್ಬೇಕು. ಪ್ಯಾಡ್ ಅಂದ್ರೆ, ಚಕ್ರದ ಜೊತೆ ತಿರುಗೋ ತಟ್ಟೇನ ಎರಡೂ ಕಡೆಯಿಂದ ಅಮುಕಿ ಹಿಡಿಯೋ ಬಿಲ್ಲೆ. ಅದರ ಅಂಚಲ್ಲಿ ಒಂದು ತಗಡಿತ್ತು, ಕಿರುಬೆರಳಿನ ಉಗುರಷ್ಟು. ಅದು ತಟ್ಟೆಗೆ ತಾಗಿ ಕಿರುಚ್ತಿತ್ತು. ಅಂಬಾಸಿಡರಲ್ಲಿ ಅಂಥ ತಗಡು ಇರಲ್ಲ. ಏನೋ ಲೂಸ್ ಬಿಟ್ಟೈತೆ ಅಂದ್ಕೊಂಡು ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿ ಎಸೆದೆ. ಎರಡು ಚಕ್ರದ್ದೂ. ಸದ್ದು ನಿಂತೋಯ್ತು. ಬೆಣ್ಣೇಲಿ ಕೂದಲು ತೆಗೆದಂಗೆ ನಿಲ್ತಿತ್ತು ಗಾಡಿ. ಕಣಕಟ್ಟೇಲಿ ಎಲ್ಲ ಒಪ್ಪಿಗೆ ಆಯ್ತು, ಅಮ್ಮಾರು ಹೋಳಿಗೆ ಕಳಿಸಿಕೊಟ್ರು. ಇಡೀ ರಸ್ತೆಗೇ ನಾನು ದೊಡ್ಡ ಮೆಕ್ಯಾನಿಕ್ಕಾಗಿ ಹೋದೆ, ಮೂರು ವಾರ.

ತಿಳೀದೆ ಮಾಡ್ದೆ ಸಾವ್ಕಾರ್ರೆ. ಗೊತ್ತಿಲ್ದೆ ಕತ್ತರಿಸಿದ್ದು...

ಹಂಗೆ ನೋಡ್ಬೇಡಿ.

ಸುಳ್ಳು. ಗೊತ್ತಿತ್ತು. ಬಸವಕುಮಾರ ನಿಮಗೆ ನನ್ನ ಹೆಸರು ಹೇಳಿರೋವಾಗ ನಾನ್ಯಾಕೆ ಮುಚ್ಚಿಡ್ಲಿ. ಕತ್ತರಿಸೋಕೆ ಮುಂಚೆ ಎಸ್‌ಟಿಡಿ ಬೂತಿಂದ ಬೆಂಗಳೂರಿನ ಒಂದು ಗ್ಯಾರೇಜಿಗೆ ಫೋನ್ ಮಾಡಿದ್ದೆ. ಅಲ್ಲಿಯವನು ನಕ್ಕುಬಿಟ್ಟ. "ರೀ, ಅದಿರೋದೇ ಕೂಗೋಕೆ. ಪ್ಯಾಡ್ ಸವೆದ್ರೆ ಆ ತಗಡು ತಾಗಿ ಕೂಗ್ತೈತೆ, ಬದಲಾಯ್ಸಿ ಅಂತ. ಓಡಿಸ್ಬೇಡಿ ಆ ಗಾಡೀನ" ಅಂದ. ಹೊಸ ಪ್ಯಾಡ್ ಬರೋಕೆ ಒಂದು ತಿಂಗಳು ಅಂದ. ನನಗಿದ್ದಿದ್ದು ಮೂರು ದಿವಸ. ಆಯ್ತು ತಾಯಿ ಅಂದುಬಿಟ್ಟಿದ್ನಲ್ಲ. ಸೋಮವಾರ ಒಂದು ಕಳೀಲಿ, ಆಮೇಲೆ ಹುಡುಗನಿಗೆ ಹೇಳಿ ಗಾಡಿ ನಿಲ್ಸಿದ್ರಾಯ್ತು ಅಂದ್ಕೊಂಡೆ. ಸೋಮವಾರ ಕಳೀತು. ಹೋಳಿಗೆ ಬಂತು. ಹೇಳ್ಲಿಲ್ಲ. ಎಲ್ರೂ ಭೇಷ್ ಅಂತಿರೋವಾಗ, ನಾನು ರಿಪೇರಿ ಮಾಡಿಲ್ಲ, ಬರೀ ಬಾಯಿ ಮುಚ್ಚಿಸಿದೀನಿ ಅಂತ ಹೆಂಗೆ ಹೇಳೋದು? ಇವತ್ತು ಹೇಳಣ, ನಾಳೆ ಹೇಳಣ...

ಬ್ರೇಕಿಗೆ ಕೈ ಹಾಕಿದ್ದು ನಾನೇ ಅಂತ ಹೇಳಿದಾನಲ್ಲ ಬಸವಕುಮಾರ? ಅದಕ್ಕೇ ಅಲ್ವಾ ನೀವು ಬಂದಿದ್ದು?

ಏನದು, ಜೇಬಿಂದ... ಆರ್‌.ಸಿ. ಬುಕ್ಕಾ? ಇದ್ಯಾಕೆ ನನಗೆ?

ಗುಜರಿಯವನಿಗಾ? ಓ... ಗಾಡೀನ ಗುಜರಿಗೆ ಹಾಕ್ಸು ಅಂತ ಹೇಳೋಕೆ ಬಂದ್ರಾ. ಅಷ್ಟೇನಾ? ಗಾಡಿ ವಿಷಯ ಅಂದಿದ್ದು ಅದಾ?

ಅವನೇನೂ ಹೇಳೇ ಇಲ್ವಾ ಹಂಗಾರೆ. ಬ್ರೇಕ್ ಹಿಡೀಲಿಲ್ಲ ಅಂತ ಮಾತ್ರ... ನೀವು ನಂಬ್ಲಿಲ್ಲ. "ಮೆರೆಯೋಕೆ ಹೋಗಿ ಒಬ್ಬನ್ನ ಕೊಂದೆ, ನನ್ನ ಕಣ್ಣೆದುರಿಗೆ ಇರಬ್ಯಾಡ" ಅಂತ ತೋಟದ ಮನೆಗೆ ಅಟ್ಟಿದ್ರಿ. ಎರಡು ತಿಂಗಳಿಂದ ಮಾತಿಲ್ಲ. ನಾಳೆ ಕೋರ್ಟಲ್ಲಿ ತಪ್ಪು ಒಪ್ಕೋ ಅಂತ ಹೇಳಿ ಕಳಿಸಿದ್ರಂತೆ, ಊರೆಲ್ಲ ಮಾತಾಡ್ತೈತೆ. ಆಗಲೂ ನನ್ನ ಹೆಸರು ಎತ್ಲಿಲ್ವಾ ಅವನು?

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನೀವು ಕುಂಬಳಕಾಯಿ ಅಂತಲೂ ಅನ್ಲಿಲ್ಲ. ನಾನೇ ಮುಟ್ಕೊಂಡೆ.

ಈಗ ಬೈಬೇಕು ನೀವು. ಎದ್ದು ಒಂದು ಬಾರಿಸ್ಬೇಕು. ನನ್ನನ್ನೇ ನೋಡ್ತಿದೀರಿ. ಇನ್ನೂ ಒಂದು ಉಳ್ಕೊಂಡೈತೆ ಅಂತ ನನ್ನ ಮುಖದಲ್ಲೇ ಬರೆದೈತಾ?

ಉಳ್ಕೊಂಡೈತೆ. ಆಕ್ಸಿಡೆಂಟ್ ಆದ ದಿವಸ ಬೆಳಿಗ್ಗೆ ಬಂದಿದ್ದ ಅವನು. ಇಲ್ಲೇ, ನೀವು ಕೂತಿರೋ ಬೆಂಚಿನ ಪಕ್ಕ ನಿಂತ್ಕೊಂಡ. ಹಳೇಬೀಡಿಗೆ ನೆಂಟರ ಮನೆಗೆ ಹೊರಟಿದ್ದ, ನಿಶ್ಚಿತಾರ್ಥಕ್ಕೆ ಕರೆಯೋಕೆ. "ತಿಮ್ಮೇಶಣ್ಣ, ಬ್ರೇಕ್ ಪೆಡಲ್ಲು ಯಾಕೋ ಕೆಳಗಿನ ತಂಕ ಹೋಗ್ತೈತೆ, ಗರಗರ ಅಂತೈತೆ. ಬಸ್ಸಲ್ಲೇ ಹೋಗ್ಲಾ?" ಅಂದ. ಬಸ್ಸಲ್ಲೇ ಹೋಗ್ಲಾ ಅಂತ ಕೇಳ್ದ ಸಾವ್ಕಾರ್ರೆ. ಮೆರೆಯೋನು ಕೇಳೋ ಮಾತಾ ಅದು? ಹೊರಗಡೆ ಗಾಡಿ ಹತ್ರ ಇನ್ನಿಬ್ಬರು ಗಿರಾಕಿ ಕಾಯ್ತಿದ್ರು. ಅವರ ಮುಂದೆ ಚಕ್ರ ಬಿಚ್ಚೋಕೆ ಮನಸ್ಸಾಗ್ಲಿಲ್ಲ. ಬ್ರೇಕ್ ಆಯಿಲ್ ಒಂದಿಷ್ಟು ಸುರಿದೆ. "ಏನಾಗಲ್ಲ ಹೋಗು, ಎರಡು ಸಲ ಒತ್ತು, ಹಿಡೀತೈತೆ" ಅಂದೆ.

ಕೆರೆ ಏರಿ ಮೇಲೆ ಹುಚ್ಚಣ್ಣ ಸೈಕಲ್ಲಲ್ಲಿ ಹುಲ್ಲು ಕಟ್ಕೊಂಡು ಅಡ್ಡ ಬಂದ. ಇವನು ಎರಡು ಸಲ ಒತ್ತಿರ್ತಾನೆ. ನಾನು ಹೇಳ್ದಂಗೇ ಒತ್ತಿರ್ತಾನೆ.

ಇದು ಅವನಿಗೂ ನನಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಒಂದು ಮಾತು ಅಂದಿದ್ರೆ ನೀವು ಅವನನ್ನ ಮನೆ ಬಿಟ್ಟು ಕಳಿಸ್ತಿರ್ಲಿಲ್ಲ. ಅನ್ಲಿಲ್ಲ. ಯಾಕೆ ಅನ್ಲಿಲ್ಲ ಅಂತ ನನ್ನನ್ನ ಕೇಳ್ಬೇಡಿ. ನಾನಾಗಿದ್ರೆ ಮೊದಲನೇ ದಿವಸವೇ ಅಂದಿರ್ತಿದ್ದೆ.

ನಾಳೆ ಮೊದಲನೇ ಬಸ್ಸಿಗೆ ಬೇಲೂರಿಗೆ ಬತ್ತೀನಿ, ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳ್ತೀನಿ. ಹುಚ್ಚಣ್ಣ ಎದ್ದು ಬರಲ್ಲ ಅದಕ್ಕೆ. ನೀವು ಈಗ ನನ್ನ ಹತ್ರ ಕೂತ್ಕೊಂಡು ಏನು ಮಾಡ್ತೀರಿ, ಏಳಿ. ತೋಟದ ಮನೆಗೆ ಹೋಗಿ, ಮಗನ ಹತ್ರ. ನನ್ನ ಕಣ್ಣು ನೋಡಿ, ಇಷ್ಟು ಹೇಳಿದ್ರೂ ಒಣಗೇ ಐತೆ. ನಿಮ್ಮ ಕಣ್ಣಲ್ಲಿ ನೀರು ಬಂತು. ಇಲ್ಲಿ ಒರಸ್ಕೋಬೇಡಿ ಸಾವ್ಕಾರ್ರೆ, ಅವನು ನೋಡ್ಲಿ.