ಇನ್ನೊಂದ್ಸಲ ಹಾಕು

ಸಂಘದ ಅಧ್ಯಕ್ಷರಾದ ಮುಂಜಿರ್ ಅವರೇ, ಬೈರೂತಿನಿಂದ ದಯಮಾಡಿಸಿರುವ ಮುಖ್ಯ ಅತಿಥಿ ಶ್ರೀಮತಿ ರಬಾಬ್ ಅವರೇ, ಹಿಂದಿನ ಬೆಂಚಿನ ಅಭ್ಯಾಸ ಬಿಡದೆ ಇಲ್ಲಿಯೂ ಹಿಂದೆಯೇ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಬಂದರೂರು ಅಲ್-ಮೀನಾದ ಸಮಸ್ತ ಸಭಿಕರೇ,

ಜನರೇಟರ್ ನಿಲ್ಲುವ ಮುಂಚೆ ಮಾತು ಮುಗಿಸಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಿಂತರೂ ಚಿಂತೆಯಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದ ಗಂಟಲು ಇದು. ಮೈಕ್ ಕೇಳಿದ ಗಂಟಲಲ್ಲ.

ಇಂದು ಸನ್ಮಾನ ಪಡೆಯುತ್ತಿರುವ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯಲ್ಲಿ ಅಯ್ಹಮ್ ನನ್ನ ಮಗ. ಲುಜೈನ್ ನನ್ನ ಸೊಸೆ. ಸೊಸೆಯಾಗಿದ್ದಳು ಎನ್ನಬೇಕು, ಕಾಗದದ ಮೇಲೆ ಹಾಗಿದೆ. ಅವರ ಹಾಡಿಲ್ಲದೆ ಈ ಊರಿನಲ್ಲಿ ಈಗ ಮದುವೆ ನಡೆಯುವುದಿಲ್ಲ. ವಿಚ್ಛೇದನ ಪಡೆಯುತ್ತ ಗಂಡಹೆಂಡಿರು ಮಾಡಿದ ಹಾಡಿಗೆ ಮದುಮಕ್ಕಳು ಕುಣಿಯುತ್ತಾರೆ. ಇದಕ್ಕೆ ಏನೆನ್ನೋಣ? ನಾನಂತೂ ಏನೂ ಅನ್ನುವುದಿಲ್ಲ.

ಹಾಡಿನ ನಡುವೆ ಒಮ್ಮೆಲೇ ಡೋಲು ನಿಂತು, ಮುದುಕಿಯೊಬ್ಬಳು ಗದರುತ್ತಾಳಲ್ಲ, ‘ಸರಿಯಿಲ್ಲ, ಇನ್ನೊಂದ್ಸಲ ಹಾಕು!’ ಎಂದು, ಆಮೇಲೆ ನೀವೆಲ್ಲ ಹುಚ್ಚು ಹಿಡಿದವರಂತೆ ಹಾರುತ್ತೀರಲ್ಲ, ಆ ಮುದುಕಿ ನಾನೇ. ನನ್ನ ಧ್ವನಿ ಅಲ್ಲಿಗೆ ಹೇಗೆ ಹೋಯಿತೆಂದು ಹೇಳಲು ನನ್ನನ್ನು ಕರೆದಿದ್ದಾರೆ.

ಅವರ ಯಂತ್ರಗಳೆಲ್ಲ ಇದ್ದದ್ದು ನನ್ನ ಮನೆಯ ಊಟದ ಕೋಣೆಯಲ್ಲಿ. ಹಾಡು ಅರ್ಧವಾದಾಗ ಮದುವೆ ಮುರಿಯಿತು. ಇಬ್ಬರೂ ಒಳ್ಳೆಯವರೇ. ಒಂದು ಸೂರಿನಡಿ ಮಾತ್ರ ಆಗಲಿಲ್ಲ. ತಲಾಖಿನ ನಂತರ ಕಾಯುವ ಮೂರು ತಿಂಗಳ ಇದ್ದತ್ ಮುಗಿಯುವವರೆಗೆ ಹೆಣ್ಣು ಗಂಡನ ಮನೆಯಲ್ಲೇ ಇರಬೇಕಷ್ಟೆ. ಹಾಗಾಗಿ ಮಗನಿಗೇ ಹೇಳಿದೆ, ‘ನೀನು ನಿನ್ನ ಚಿಕ್ಕಪ್ಪನ ಮನೆಗೆ ನಡಿ’ ಎಂದು. ಮಗ ಹೊರಗೆ, ಸೊಸೆ ಒಳಗೆ. ಬೀದಿಯವರು ನಕ್ಕರು. ನಗಲಿ.

ಹಾಡು ಮಾತ್ರ ಇಬ್ಬರಿಗೂ ಬೇಕಿತ್ತು. ಸಂಜೆ ಅಯ್ಹಮ್ ನೆಂಟನ ಹಾಗೆ ಬಾಗಿಲು ತಟ್ಟಿ ಬರುತ್ತಿದ್ದ. ನಾನು ನಡುವಿನ ಬಾಗಿಲು ತೆರೆದಿಟ್ಟು ಅಡುಗೆಮನೆಯಲ್ಲಿ ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದೆ.

‘ಬೇಸ್ ಸ್ವಲ್ಪ ಕಡಿಮೆ ಮಾಡು.’

‘ನೀನು ಬಾಯಿ ಸ್ವಲ್ಪ ಕಡಿಮೆ ಮಾಡು.’

ಇದು ಅವರ ಸಂಭಾಷಣೆ. ಆದರೆ ತಾಳ ಕೂಡಿಬಂದಾಗ ಇಬ್ಬರೂ ಜಗಳ ಮರೆತು ಮೇಜು ಬಡಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹಾಗೆ ಬಡಿದೇ ಒಂದು ಕಾಲು ಮುರಿದಿದ್ದರು. ಮೇಜಿನದು.

ಇದ್ದತ್ ಮುಗಿಯಿತು. ತವರೂರು ಅಕ್ಕಾರಿನಿಂದ ಅವಳಣ್ಣ ಫವ್ವಾಜ್ ಪಿಕಪ್ ತೆಗೆದುಕೊಂಡು ಬಂದ. ಕಾಫಿ ಕುಡಿದು, ಮಗನ ಹೆಸರಿನಿಂದಲೇ ನನ್ನನ್ನು ಕರೆದು, ‘ಉಮ್ ಅಯ್ಹಮ್, ಇಷ್ಟು ದಿನ ತಾಯಿ ಹಾಗೆ ನೋಡ್ಕೊಂಡ್ರಿ. ಇನ್ನು ನಮ್ಮ ಹುಡುಗೀನ ಕರ್ಕೊಂಡು ಹೋಗ್ತೀನಿ’ ಎಂದ.

‘ಕರ್ಕೊಂಡು ಹೋಗಪ್ಪ, ಬೇಡ ಅಂದೋರು ಯಾರು? ಹಾಡು ಮುಗೀಲಿ ಅಷ್ಟೆ’ ಎಂದೆ.

ಅವನು ಖಾಲಿ ಗಾಡಿಯಲ್ಲಿ ಹೋದ. ಆಮೇಲೆ ಹಾಡು ಮುಗಿದಿದೆಯೆಂದು ಇವರು ನನಗೆ ಕೇಳಿಸತೊಡಗಿದರು. ಸಭಿಕರೇ, ನನಗೆ ಸಂಗೀತ ತಿಳಿಯದು, ಆದರೆ ಕಿವಿಯಿದೆ. ಒಮ್ಮೆ ಡೋಲು ಜೋರು ಅನ್ನಿಸಿತು. ಒಮ್ಮೆ ಮೆತ್ತಗೆ ಅನ್ನಿಸಿತು. ಇನ್ನೊಮ್ಮೆ ಏನೋ ಒಂದು ಸಾಲದು ಅನ್ನಿಸಿತು. ‘ಸರಿಯಿಲ್ಲ, ಇನ್ನೊಂದ್ಸಲ ಹಾಕು’ ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೇರೇನಿಲ್ಲ. ಫವ್ವಾಜ್ ಫೋನ್ ಮಾಡಿದಾಗಲೂ ಅದನ್ನೇ ಹೇಳಿದೆ. ಕಿತ್ತಳೆ ಹೂವಿನ ಕಾಲ ಬಂತು, ಹೋಯಿತು. ಲುಜೈನ್ ಬೆಳಿಗ್ಗೆ ನನ್ನ ಮಾತ್ರೆ ಎಣಿಸಿಟ್ಟು, ನನಗಿಂತ ಕೆಟ್ಟದಾಗಿ ಕಾಫಿ ಮಾಡಿ, ಕೋಣೆಗೆ ಹೋಗಿ ಡೋಲು ತಿದ್ದುತ್ತಿದ್ದಳು.

ಒಂದು ಮಧ್ಯಾಹ್ನ ಅವಳೊಬ್ಬಳೇ ಹಾಡು ಹಾಕಿದಳು.

‘ಹೇಗಿದೆ ಅತ್ತೆ?’

‘ನಿನ್ನೆಗಿಂತ ಕೆಟ್ಟಿದೆ.’

‘ನಿನ್ನೆಯಿಂದ ನಾನು ಏನೂ ಮುಟ್ಟೇ ಇಲ್ಲ.’

ನಾನು ಪಾತ್ರೆ ತೊಳೆಯಲು ಎದ್ದೆ. ಅವಳು ಹಿಂದೆಯೇ ಬಂದು ಕೊಳಾಯಿ ನಿಲ್ಲಿಸಿದಳು.

‘ಅತ್ತೆ, ಹಾಡು ಮುಗಿದ್ರೆ ನಾನು ಹೋಗ್ಬಿಡ್ತೀನಿ ಅಂತಾನಾ?’

ಅದು ಕರೆಂಟಿನ ಏರಿಳಿತ, ಅದಕ್ಕೇ ಹಾಗೆ ಕೇಳಿಸಿತು ಎಂದೆ. ನಮ್ಮ ಊರಿನ ಕರೆಂಟು ನಿಮಗೆ ಗೊತ್ತಲ್ಲ! ಅವಳು ನಗಲಿಲ್ಲ. ಒದ್ದೆ ಕೈಯಲ್ಲೇ ಇದ್ದ ನನ್ನನ್ನು ತಬ್ಬಿಕೊಂಡಳು.

ಮರುವಾರ ಇಬ್ಬರೂ ಸೇರಿ ಕೊನೆಯ ರೂಪ ಕೇಳಿಸಿದರು. ಡೋಲು ನಿಂತಿತು, ನನ್ನ ಗದರಿಕೆ ಕೇಳಿತು. ‘ನನ್ನನ್ನ ಒಂದು ಮಾತು ಕೇಳ್ದೇ ನನ್ನ ಧ್ವನಿ ಹಾಕಿದ್ರಾ?’ ಎಂದು ಹೌಹಾರಿದೆ.

ಅಯ್ಹಮ್, ‘ಅಮ್ಮ, ಅಷ್ಟು ಸಲ ಹೇಳಿದ್ಯಲ್ಲ, ಮೈಕಿಗೂ ಬಿತ್ತು. ಅದೂ ಹಾಡಲ್ಲೇ ಇದೆ ಅನ್ಕೊಂಡ್ವಿ’ ಎಂದ. ಲುಜೈನ್ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ನನಗೆ ಏನೂ ತಪ್ಪು ಸಿಗಲಿಲ್ಲ. ‘ಸರಿಯಾಗಿದೆ’ ಎಂದೆ.

ಫವ್ವಾಜ್ ಮತ್ತೆ ಬಂದ. ಆದರೆ ಅವಳು ಅಕ್ಕಾರಿಗೆ ಹೋಗಲಿಲ್ಲ. ಬಂದರಿನ ಬಳಿ ಬಡಗಿಯೊಬ್ಬರ ಅಂಗಡಿಯ ಮೇಲೆ ಕೋಣೆ ಹಿಡಿದಿದ್ದಳು. ಅಲ್ಲೇ ವಾಸ, ಅಲ್ಲೇ ಸಂಗೀತ. ಅಯ್ಹಮ್ ಈಗ ಅಲ್ಲಿಯ ಬಾಗಿಲು ತಟ್ಟುತ್ತಾನೆ. ಮತ್ತೆ ಮದುವೆಯಾಗುತ್ತಾರೆಯೇ ಎಂದು ನೀವು ಕೇಳುತ್ತೀರಿ. ಇಲ್ಲ. ಅವರು ಜೊತೆಗೆ ಹಾಡು ಮಾಡುತ್ತಾರೆ, ಅಷ್ಟೇ. ನನಗೆ ಅದು ಅರ್ಥವಾಗಲು ಸಮಯ ಹಿಡಿಯಿತು.

ಹೊರಟ ದಿನ, ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ, ಲುಜೈನ್ ಮೆಟ್ಟಿಲು ಹತ್ತಿ ವಾಪಸು ಬಂದಳು. ಕೈಯಲ್ಲಿ ನನ್ನ ಮನೆಯ ಕೀಲಿಕೈ.

‘ಇದು ನಿಮ್ದು, ಅತ್ತೆ.’

‘ನಂದು ಕಳೆದುಹೋದ್ರೆ ನಾನು ಯಾರ ಹತ್ರ ಹೋಗ್ಲಿ?’ ಎಂದೆ. ‘ಇಟ್ಕೋ.’

ಅವಳು ಇಟ್ಟುಕೊಂಡಳು. ಈಗಲೂ ಬಾಗಿಲು ತಟ್ಟದೆ ಬರುತ್ತಾಳೆ. ಮಗನಾದವನು ತಟ್ಟುತ್ತಾನೆ.

ಇವರಿಬ್ಬರನ್ನೂ ಒಂದೇ ವೇದಿಕೆಯಲ್ಲಿ, ಒಂದೇ ಶಾಲು ಹೊದಿಸದೆ ಬೇರೆ ಬೇರೆ ಶಾಲು ಹೊದಿಸಿ ಗೌರವಿಸಿದ ಸಂಘಕ್ಕೆ ನನ್ನ ಕೃತಜ್ಞತೆಗಳು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲರಿಗೂ, ಇನ್ನೂ ನಿಲ್ಲದ ಜನರೇಟರಿಗೂ, ನಮಸ್ಕಾರ.